ಕುತ್ತಿಗೆ ತಾನಾಗಿ ತಿರುಗುತ್ತಿದೆಯೇ?

ನಮಾಝ್ ಮುಗಿಸಿ ಬಲಕ್ಕೆ ಸಲಾಂ ಹೇಳಿದ ತಲೆ ಎಡಕ್ಕೆ ತಿರುಗಲು ಒಪ್ಪುವುದಿಲ್ಲ. ಸುಮ್ಮನೆ ಕುಳಿತಾಗಲೂ ಮುಖ ಒಂದೇ ಪಕ್ಕಕ್ಕೆ ಎಳೆಯುತ್ತದೆ. ಕೆನ್ನೆಗೆ ಬೆರಳು ತಾಗಿಸಿದರೆ ತುಸು ಹೊತ್ತು ನೆಟ್ಟಗಾಗುತ್ತದೆ. ಇಂಥವರು ದಿಂಬು ಬದಲಿಸಿ, ಎಣ್ಣೆ ತಿಕ್ಕಿಸಿ, 'ಜಿನ್ನ್ ಉಪದ್ರವ' ಎಂದು ಊದಿಸಿಕೊಂಡು, ತಿಂಗಳುಗಟ್ಟಲೆ ಕಳೆದು ವೈದ್ಯರ ಬಳಿಗೆ ಬರುತ್ತಾರೆ.

ಇದರ ಹೆಸರು ಸರ್ವೈಕಲ್ ಡಿಸ್ಟೋನಿಯಾ. ಚಲನೆಯನ್ನು ನಿಯಂತ್ರಿಸುವ ಮೆದುಳಿನ ಭಾಗಗಳು ಕುತ್ತಿಗೆಯ ಸ್ನಾಯುಗಳಿಗೆ ತಪ್ಪು ಸಂದೇಶ ಕಳಿಸುವುದೇ ಇದರ ಮೂಲ. ಯುನಾನಿ ಓದಿದ ನಾನೇ ಹೇಳುತ್ತೇನೆ: ಎಣ್ಣೆ ಮಾಲೀಸು ನೋವಿಗೆ ಹಿತ ನೀಡಬಹುದು, ಎಳೆತವನ್ನು ನಿಲ್ಲಿಸದು. ಕುತ್ತಿಗೆಯನ್ನು ಜೋರಾಗಿ ತಿರುಚಿಸಿ ನೆಟಿಗೆ ತೆಗೆಸಲೇಬೇಡಿ. ನರರೋಗ ತಜ್ಞರನ್ನು ಕಾಣಿ.

ಹೋಗುವಾಗ ನೀವು ಸೇವಿಸುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧಗಳಿಂದಲೂ ಕುತ್ತಿಗೆ ತಿರುಚಿಕೊಳ್ಳುವುದುಂಟು. ಹೊಸ ಔಷಧ ಆರಂಭಿಸಿದ ಕೆಲವೇ ದಿನಗಳಲ್ಲಿ ಹೀಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಸರಿಯಾದ ಇಂಜೆಕ್ಷನ್‌ನಿಂದ ಅದು ಬೇಗ ಬಿಡುತ್ತದೆ.

ಉಳಿದ ಹೆಚ್ಚಿನವರಿಗೆ ಮೊದಲ ಚಿಕಿತ್ಸೆ ಬೊಟುಲಿನಂ ಟಾಕ್ಸಿನ್ ಇಂಜೆಕ್ಷನ್. ಎಳೆಯುವ ಸ್ನಾಯುವನ್ನೇ ಗುರುತಿಸಿ ಚುಚ್ಚುತ್ತಾರೆ. ಗುಣ ಕಾಣಲು ಒಂದೆರಡು ವಾರ ಬೇಕಾಗಬಹುದು. ಸುಮಾರು 3 ತಿಂಗಳಿಗೆ ಪರಿಣಾಮ ಇಳಿಯುವುದರಿಂದ ಮತ್ತೆ ಹಾಕಿಸಬೇಕು. ನುಂಗಲು ಕಷ್ಟವಾದರೆ ಕೂಡಲೇ ತಿಳಿಸಿ. ಉಸಿರಾಟಕ್ಕೂ ತೊಂದರೆಯಾದರೆ ಅದು ತುರ್ತು. ಇದು ದುಬಾರಿ, ಆದ್ದರಿಂದ ಖರ್ಚನ್ನು ಮೊದಲೇ ಕೇಳಿಕೊಳ್ಳಿ.

ಜೊತೆಗೆ ಮಾತ್ರೆಗಳೂ ಇವೆ. ಟ್ರೈಹೆಕ್ಸಿಫೆನಿಡಿಲ್ ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ. ವಯಸ್ಸಾದವರಲ್ಲಿ ಮರೆವು, ಗೊಂದಲ ಹೆಚ್ಚಿಸಬಹುದು. ಗ್ಲಾಕೋಮಾ ಇದ್ದರೆ ಮೊದಲೇ ಹೇಳಿ. ಬ್ಯಾಕ್ಲೋಫೆನ್, ಕ್ಲೋನಝೆಪಾಮ್ ಮಂಪರು ತರುತ್ತವೆ. ಸೇವಿಸಿ ವಾಹನ ಓಡಿಸಬೇಡಿ. ಔಷಧಕ್ಕೆ ಬಗ್ಗದ ಕೆಲವರಿಗೆ ಮೆದುಳಿನ ಶಸ್ತ್ರಚಿಕಿತ್ಸೆಯೂ ಇದೆ.

ರಮಝಾನ್ ಬಂದಾಗ ಒಂದು ಮಾತು ನೆನಪಿರಲಿ. ಉಪವಾಸಕ್ಕೆಂದು ಬ್ಯಾಕ್ಲೋಫೆನ್ ಅಥವಾ ಕ್ಲೋನಝೆಪಾಮ್ ಅನ್ನು ಥಟ್ಟನೆ ನಿಲ್ಲಿಸಿದರೆ ಅಪಸ್ಮಾರ ಬರಬಹುದು. ಹೊತ್ತನ್ನು ಸಹರಿ, ಇಫ್ತಾರಿಗೆ ಹೊಂದಿಸಬಹುದೇ ಎಂದು ತಿಂಗಳ ಮೊದಲೇ ವೈದ್ಯರಲ್ಲಿ ಕೇಳಿ. ಆಗದೆಂದರೆ ರೋಗಿಗೆ ಅಲ್ಲಾಹನು ರಿಯಾಯಿತಿ ಕೊಟ್ಟಿದ್ದಾನೆ. ತಲೆ ಪೂರ್ತಿ ತಿರುಗದಿದ್ದರೆ ಸಾಧ್ಯವಾದಷ್ಟೇ ತಿರುಗಿಸಿ ಸಲಾಂ ಹೇಳಿ. ನಾಚಿ ಮಸೀದಿಯನ್ನೂ ಮದುವೆ ಮನೆಯನ್ನೂ ಬಿಟ್ಟು ಮನೆಯಲ್ಲೇ ಕೂರಬೇಡಿ. ಇದು ಕಾಯಿಲೆ, ಕಳಂಕವಲ್ಲ.