ಗಿಗ್ ಕೆಲಸ ಅಕ್ಕಡಿ ಬೆಳೆ ಇದ್ದಂಗ: ಬಿಡುವಿನ ದಿನ ದುಡಿಯೋ ಮುಂಚೆ ಈ ಲೆಕ್ಕ ಹಾಕ್ರಿ

ಕಡಲೆ ಒಕ್ಕಣೆ ಮುಗೀತು, ಬಿಳಿಜೋಳ ಮನಿ ಸೇರ್ತು. ಇನ್ನು ಮುಂಗಾರು ಬರೋತನಕ ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲದಾಗ ದಿನಾ ಹೋಗಿ ಮಾಡುವಂಥ ಕೆಲಸ ಕಡಿಮೆ. ಕೈಯಾಗ ಸ್ಮಾರ್ಟ್‌ಫೋನ್ ಐತಿ, ಬಾಗಿಲ ಮುಂದ ಬೈಕ್ ಐತಿ. ಹುಬ್ಬಳ್ಳಿಗೆ ಹೋಗಿ ಊಟದ ಡೆಲಿವರಿ ಮಾಡಿದರ ದಿನಕ್ಕ ಸಾವಿರ ರೂಪಾಯಿ ಬರತೈತಿ ಅಂತ ಗೆಳೆಯ ಹೇಳ್ತಾನ. ಹೋಗಬೇಕಾ, ಬೇಡವಾ?

ಹೋಗಬಾರದು ಅಂತ ನಾವು ಹೇಳೋದಿಲ್ಲ. ಆದರೆ ಗಿಗ್ ಕೆಲಸವನ್ನು ಹೊಲದಾಗಿನ ಅಕ್ಕಡಿ ಸಾಲಿನಂತೆ ನೋಡ್ರಿ. ಅಕ್ಕಡಿ ಕಾಳು ಮನೆ ಖರ್ಚಿಗೆ ಆಸರೆ ಆಗತೈತಿ. ಅದು ಮುಖ್ಯ ಬೆಳೆಯ ನೀರು-ಗೊಬ್ಬರ ತಿನ್ನೋಕೆ ಶುರು ಮಾಡಿದರೆ ಎರಡೂ ಹಾಳು.

ಆ್ಯಪ್ ತೋರಿಸೋ ರೊಕ್ಕ ಬೇರೆ, ಕೈಗೆ ಉಳಿಯೋ ರೊಕ್ಕ ಬೇರೆ

ಒಂದು ಉದಾಹರಣೆ ಲೆಕ್ಕ ಹಾಕೋಣ. ನವಲಗುಂದದಿಂದ ಹುಬ್ಬಳ್ಳಿಗೆ ಸುಮಾರು 40 ಕಿ.ಮೀ. ಹೋಗಿ ಬರೋಕೆ 80, ಪ್ಯಾಟಿಯೊಳಗ ತಿರುಗಾಟ 100, ಒಟ್ಟು 180 ಕಿ.ಮೀ. ಬೈಕ್ ಲೀಟರಿಗೆ 50 ಕಿ.ಮೀ. ಕೊಡತೈತಿ, ಪೆಟ್ರೋಲ್ 103 ರೂಪಾಯಿ ಅಂತ ಹಿಡೀರಿ.

- ಪೆಟ್ರೋಲ್: ಸುಮಾರು 370 ರೂ.
- ಟೈರ್, ಆಯಿಲ್, ಚೈನ್, ಸರ್ವೀಸ್ (ಕಿ.ಮೀ.ಗೆ 1 ರೂ.ನಂತೆ): 180 ರೂ.
- ಊಟ, ಚಹಾ, ಡೇಟಾ: 100 ರೂ.
- ಒಟ್ಟು ಖರ್ಚು: 650 ರೂ.

ಆ್ಯಪ್‌ನಲ್ಲಿ ಆವತ್ತು 900 ರೂಪಾಯಿ ಬಂದಿದ್ದರೆ ಕೈಗೆ ಉಳಿದದ್ದು 250. ಎಂಟು ತಾಸು ಡ್ಯೂಟಿ, ಎರಡು ತಾಸು ಹಾದಿ. ಅಂದರೆ ತಾಸಿಗೆ 25 ರೂಪಾಯಿ! ಬೈಕ್ ಕಂತು ಇನ್ನೂ ಇದರಾಗ ಸೇರಿಲ್ಲ. ನಿಮ್ಮೂರಿನ ಕೂಲಿ ದರದ ಪಕ್ಕ ಇಟ್ಟು ನೋಡ್ರಿ.

ಅದೇ ಹುಡುಗ ಬ್ಯಾಸಿಗಿ ಎರಡು-ಮೂರು ತಿಂಗಳು ಹುಬ್ಬಳ್ಳಿಯಲ್ಲೇ ಸಂಬಂಧಿಕರ ಮನೆಯಲ್ಲೋ, ಗೆಳೆಯರ ರೂಮಿನಲ್ಲೋ ಉಳಿದರೆ 80 ಕಿ.ಮೀ. ಹಾದಿ ತಪ್ಪತೈತಿ. ಖರ್ಚು ಸುಮಾರು 400ಕ್ಕ ಇಳಿದು, 500ರ ಹತ್ತಿರ ಉಳೀತೈತಿ. ಅದರಲ್ಲಿ ರೂಮಿನ ಪಾಲು ಕಳೀಬೇಕು. ಹುಬ್ಬಳ್ಳಿಗೆ ಸುಮಾರು 20 ಕಿ.ಮೀ. ಇರುವ ಕುಂದಗೋಳದವರಿಗೆ ದಿನಾ ಓಡಾಟ ಅಷ್ಟು ಭಾರ ಅಲ್ಲ. ದೂರ ನೋಡಿ ನಿರ್ಧಾರ ಮಾಡ್ರಿ.

ನಿಮ್ಮ ಗಾಡಿಯ ಮೈಲೇಜ್, ನಿಮ್ಮ ಊರಿನ ದೂರ ಹಾಕಿ ಒಂದು ವಾರ ಬರೆದಿಡ್ರಿ. ಒಂದು ವಾರದ ಚೀಟಿ ಗೆಳೆಯನ ಮಾತಿಗಿಂತ ಹೆಚ್ಚು ನಿಜ ಹೇಳತೈತಿ.

ಹೊಲದ ಕ್ಯಾಲೆಂಡರ್ ಮೊದಲು

ಫೋನಿನ ಕ್ಯಾಲೆಂಡರ್‌ನಲ್ಲಿ ಹೊಲದ ದಿನಗಳನ್ನು ಮೊದಲು ಗುರುತು ಹಾಕ್ರಿ. ಆಗಸ್ಟ್‌ನಲ್ಲಿ ಹೆಸರು ಕಾಯಿ ಮಾಗಿದಾಗ ಮಳೆ ಹಿಡಿದರೆ ಕಾಯಿಯೊಳಗೇ ಕಾಳು ಮೊಳಕೆ ಒಡೀತಾವ. ಆ ಎರಡು-ಮೂರು ದಿನ ನೀವು ಪ್ಯಾಟಿಯಲ್ಲಿ ಇದ್ದರೆ, ತಿಂಗಳ ಡೆಲಿವರಿ ಗಳಿಕೆ ಹೊಲದಾಗೇ ಹೋಯ್ತು ಅಂತ ತಿಳೀರಿ. ಕಲಘಟಗಿಯಲ್ಲಿ ಬ್ಯಾಸಿಗಿ ಕೊನೆಗೇ ಭತ್ತದ ಕೂರಿಗಿ ಬಿತ್ತನೆ, ಆಮೇಲೆ ಗೋವಿನಜೋಳ, ಸೋಯಾ. ಕುಂದಗೋಳದಲ್ಲಿ ಚಳಿಗಾಲದಾಗ ಹತ್ತಿ, ಮೆಣಸಿನಕಾಯಿ ಬಿಡಿಸೋ ಕೆಲಸ. ನಿಮ್ಮ ಬದಲಿ ಆಳು ಹಚ್ಚಬೇಕಾದ ದಿನ, ಆ ಆಳಿನ ಪಗಾರವನ್ನೂ ಗಿಗ್ ಖರ್ಚಿಗೇ ಬರೀರಿ.

ಊರಾಗೇ ಇರುವ ಗಿಗ್ ಕೆಲಸ

*ಬೆಳೆ ಸಮೀಕ್ಷೆ:* 2017ರಿಂದ ನಮ್ಮ ರಾಜ್ಯದಲ್ಲಿ ಮೊಬೈಲ್ ಆ್ಯಪ್ ಮೂಲಕ ಬೆಳೆ ಸಮೀಕ್ಷೆ ನಡೀತಿದೆ. ರೈತರು ತಾವೇ ಅಪ್‌ಲೋಡ್ ಮಾಡದ ತಾಕುಗಳಿಗೆ ಊರಿನ ಯುವಕರನ್ನೇ 'ಖಾಸಗಿ ನಿವಾಸಿ' ಅಂತ ತಗೋತಾರೆ, ತಾಕಿಗೆ ಇಷ್ಟು ಅಂತ ಹಣ ಕೊಡ್ತಾರೆ. ಹೊಲಕ್ಕೆ ಹೋಗಿ ಜಿಪಿಎಸ್ ಇರುವ ಫೋಟೋ ತೆಗೀಬೇಕು. ಗ್ರಾಮ ಆಡಳಿತ ಅಧಿಕಾರಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಹಂಗಾಮಿಗೆ ಮುಂಚೆಯೇ ಹೆಸರು ಕೊಡ್ರಿ. ಬೆಳೆ ವಿಮೆ, ಬೆಂಬಲ ಬೆಲೆ ಖರೀದಿ, ಪರಿಹಾರ ಎಲ್ಲಕ್ಕೂ ಈ ದಾಖಲೆಯೇ ಆಧಾರ. ಮನೆಯಲ್ಲಿ ಕುಂತು ತಪ್ಪು ಬೆಳೆ ಬರೆದರೆ ಓಣಿಯ ರೈತನ ಪರಿಹಾರ ತಪ್ಪತೈತಿ, ನೆನಪಿರಲಿ. ಹಣ ಕೈಸೇರೋದು ಕೆಲಸ ಮುಗಿದ ಮೇಲೆ. ಅದನ್ನೇ ನೆಚ್ಚಿ ಕಂತು ಕಟ್ಟೋ ಮಾತು ಕೊಡಬೇಡ್ರಿ.

*ಯಂತ್ರದ ಬಾಡಿಗೆ:* ಪವರ್ ಸ್ಪ್ರೇಯರ್, ಟ್ರ್ಯಾಕ್ಟರ್, ಒಕ್ಕಣೆ ಯಂತ್ರ ಇದ್ದರೆ ಊರಿನ ವಾಟ್ಸ್‌ಆ್ಯಪ್ ಗುಂಪೇ ನಿಮ್ಮ ಆ್ಯಪ್. ದರ, ಖಾಲಿ ಇರುವ ದಿನ ಹಾಕ್ರಿ. ಕಮಿಷನ್ ಇಲ್ಲ, ಹಾದಿ ಖರ್ಚೂ ಕಡಿಮೆ.

*ಡ್ರೋನ್ ಸಿಂಪರಣೆ:* 10ನೇ ತರಗತಿ ಪಾಸಾದ, 18 ವರ್ಷ ತುಂಬಿದವರು ಡಿಜಿಸಿಎ ಮಾನ್ಯತೆ ಇರುವ ಕೇಂದ್ರದಲ್ಲಿ ತರಬೇತಿ ಪಡೆದು ರಿಮೋಟ್ ಪೈಲಟ್ ಪ್ರಮಾಣಪತ್ರ ತಗೋಬಹುದು. ಡ್ರೋನ್‌ಗೆ ಲಕ್ಷಗಟ್ಟಲೆ ಬೇಕು. ಸಾಲ ಮಾಡಿ ಕೊಳ್ಳೋ ಮುಂಚೆ ಒಂದು ಹಂಗಾಮು ಬೇರೆಯವರ ಡ್ರೋನ್ ಹಾರಿಸಿ, ಎಕರೆ ಎಷ್ಟು ಸಿಗತಾವ ನೋಡ್ರಿ.

ಫೋನ್ ಕೆಲಸ ಅಂತ ಬರೋ ಮೆಸೇಜು

ಫೋನಿನಲ್ಲೇ ಮಾಡೋ ನಿಜವಾದ ಕೆಲಸ ಇಲ್ಲ ಅಂತಲ್ಲ. ಬೆಂಗಳೂರಿನ 'ಕಾರ್ಯ' ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳವರಿಂದ ಕನ್ನಡ ವಾಕ್ಯ ಓದಿಸಿ, ಧ್ವನಿ ರೆಕಾರ್ಡ್ ಮಾಡಿಸಿ, ಅದಕ್ಕೆ ಹಣ ಕೊಟ್ಟಿದೆ. ಇಂಥ ಕೆಲಸ ವರ್ಷಪೂರ್ತಿ ಇರೋದಿಲ್ಲ.

ಆದರೆ ಟೆಲಿಗ್ರಾಮ್‌ನಲ್ಲಿ 'ವಿಡಿಯೋಕ್ಕೆ ಲೈಕ್ ಒತ್ತಿ, ದಿನಕ್ಕೆ 2,000 ಗಳಿಸಿ' ಅಂತ ಬರೋದು ಬೇರೆ ಆಟ. ಮೊದಲು ನೂರಿನ್ನೂರು ಕೊಟ್ಟು ನಂಬಿಸ್ತಾರೆ, ಆಮೇಲೆ 'ಡಿಪಾಸಿಟ್ ಕಟ್ಟಿ' ಅಂತಾರೆ. ಕೆಲಸ ಕೊಡೋನು ನಿಮ್ಮ ಹತ್ತಿರ ರೊಕ್ಕ ಕೇಳಿದರೆ ಅಲ್ಲಿಗೇ ನಿಲ್ಲಿಸ್ರಿ. ಹಣ ಹೋಗಿದ್ದರೆ ನಾಚಿಕೆ ಬೇಡ, ತಡಾನೂ ಬೇಡ: ತಕ್ಷಣ 1930ಕ್ಕೆ ಕರೆ ಮಾಡ್ರಿ.

ಕಾಗದ-ಪತ್ರ

- ಇ-ಶ್ರಮ್: ಅಸಂಘಟಿತ ಕಾರ್ಮಿಕರ ನೋಂದಣಿ, ಉಚಿತ. ಗಿಗ್ ಕೆಲಸಗಾರರೂ ಮಾಡಿಸಬಹುದು.
- ರಾಜ್ಯದ ಗಿಗ್ ವಿಮೆ: ಡೆಲಿವರಿ ಮಾಡುವವರಿಗೆ 2 ಲಕ್ಷ ಜೀವ ವಿಮೆ, 2 ಲಕ್ಷ ಅಪಘಾತ ವಿಮೆಯ ಯೋಜನೆಯನ್ನು ಸರ್ಕಾರ 2023ರಲ್ಲಿ ತಂದಿದೆ. ಸೇವಾ ಸಿಂಧು ಪೋರ್ಟಲ್‌ನಲ್ಲಿ ನೋಂದಣಿ. ಪಿಎಫ್, ಇಎಸ್‌ಐ ಇದ್ದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ ಸಿಗೋದಿಲ್ಲ.
- 2025ರ ಗಿಗ್ ಕಾರ್ಮಿಕರ ಕಾಯ್ದೆ: ಕಲ್ಯಾಣ ಮಂಡಳಿಗೆ ಕಂಪನಿ ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡೋ ಹಣದ ಶೇ 1ರಿಂದ 5ರವರೆಗೆ ಶುಲ್ಕ ಕಟ್ಟಬೇಕು. ಇದನ್ನು ನಿಮ್ಮ ಗಳಿಕೆಯಿಂದ ಮುರಿಯೋ ಹಾಗಿಲ್ಲ. ಕಾರಣ ಬರೆದು ಕೊಡದೆ, 14 ದಿನ ಮುಂಚೆ ತಿಳಿಸದೆ ಸುಮ್ಮನೆ ಕೆಲಸದಿಂದ ತೆಗೆಯುವಂತಿಲ್ಲ. ದಿನದ ಗಳಿಕೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ರಿ, ತಕರಾರಿಗೆ ಅದೇ ಸಾಕ್ಷಿ.
- ಬೈಕ್ ವಿಮೆ: ಸ್ವಂತ ಬಳಕೆಯ ಪಾಲಿಸಿಯಲ್ಲಿ ಬಾಡಿಗೆ ಕೆಲಸದಾಗ ಆದ ಅಪಘಾತಕ್ಕೆ ಕ್ಲೇಮು ತಿರಸ್ಕಾರ ಆಗಬಹುದು. ವಿಮೆ ಕಂಪನಿಯಲ್ಲಿ ಮೊದಲೇ ಕೇಳ್ರಿ.
- ಬೈಕ್ ಟ್ಯಾಕ್ಸಿ: ಇದರ ನಿಯಮ ಕೋರ್ಟಿನ ಆದೇಶಗಳ ಮೇಲೆ ಬದಲಾಗ್ತಾ ಬಂದಿದೆ. 2025ರ ಜೂನ್‌ನಲ್ಲಿ ರಾಜ್ಯದಲ್ಲಿ ನಿಂತೂ ಇತ್ತು. ಸೇರೋ ದಿನದ ನಿಯಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸ್ರಿ.

ಈ ವಾರ ಮಾಡಬೇಕಾದ್ದು

ಡೆಲಿವರಿಗಂತ ಹೊಸ ಬೈಕ್ ಸಾಲ ತಗೋಬೇಡ್ರಿ. ಇರೋ ಗಾಡಿಯಲ್ಲೇ ಒಂದು ತಿಂಗಳು ಮಾಡಿ ನೋಡ್ರಿ. ಇ-ಶ್ರಮ್ ಮಾಡಿಸ್ರಿ. ಹಾಳೆಯ ಮೇಲೆ ಮೂರು ಗೆರೆ ಎಳೀರಿ: ಬಂದದ್ದು, ಹೋದದ್ದು, ಹಿಡಿದ ತಾಸು. ತಿಂಗಳ ಕೊನೆಗೆ ತಾಸಿಗೆ ಉಳಿದದ್ದು ಊರಿನ ಕೂಲಿಗಿಂತ ಹೆಚ್ಚಿದ್ದರೆ ಮುಂದುವರಿಸ್ರಿ. ಕಡಿಮೆ ಇದ್ದರೆ ಆ ಪೆಟ್ರೋಲಿನ ರೊಕ್ಕ ಮುಂಗಾರಿನ ಬೀಜಕ್ಕೆ ಇಡ್ರಿ.