ಬಸ್ಸು ತಪ್ಪಿಲ್ಲ, ಸುಮ್ಮನೆ ಓಡುತ್ತಿದ್ದೇನೆ!

"ಎಂತಾ ಆಯ್ತು ಅಕ್ಕಾ? ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ಮೊದಲನೇ ದಿನ ಬೆಳಗಿನ ಜಾವ ನಮ್ಮ ಹೆಗ್ಗೋಡಿನ ರಸ್ತೆಯಲ್ಲಿ ಓಡುತ್ತಿದ್ದಾಗ, ಡೈರಿಗೆ ಹಾಲು ಹಾಕಲು ಹೊರಟವರೊಬ್ಬರು ಸ್ಕೂಟರ್ ನಿಲ್ಲಿಸಿ ಕೇಳಿದ ಪ್ರಶ್ನೆ ಇದು. ತಪ್ಪು ಅವರದಲ್ಲ ಬಿಡಿ. ನಲವತ್ತೈದು ದಾಟಿದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುತ್ತಾಳೆ ಎಂದರೆ ಒಂದೋ ಮನೆಯಲ್ಲಿ ಯಾರೋ ಬಿದ್ದಿರಬೇಕು, ಇಲ್ಲಾ ದನ ಹಗ್ಗ ಹರಿದುಕೊಂಡು ಹೋಗಿರಬೇಕು. ಸುಮ್ಮನೆ ಓಡುತ್ತಿದ್ದೇನೆ ಎನ್ನಲು ನನಗೂ ನಾಚಿಕೆ. "ಹೂಂ, ದನ ತಪ್ಪಿಸಿಕೊಂಡಿದೆ" ಎಂದುಬಿಟ್ಟೆ. ಪಾಪ, ಅವರು ಸ್ಕೂಟರ್ ತಿರುಗಿಸಿ ಅರ್ಧ ಗಂಟೆ ಇಲ್ಲದ ದನವನ್ನು ಹುಡುಕಿದರಂತೆ!

ಹಾಗೆ ಸುಳ್ಳು ಹೇಳಿದ ನಾನೇ ಒಂದೂವರೆ ವರ್ಷದ ಮೇಲೆ ಶ್ರೀರಂಗಪಟ್ಟಣದ ಹತ್ತಿರ ಕಾಲುವೆ ದಂಡೆಯ ಮೇಲೆ 21 ಕಿಲೋಮೀಟರ್ ಓಡಿ ಬಂದೆ ಎಂದರೆ ನಂಬುತ್ತೀರಾ? ಬಹುಮಾನ ಬಂತೇ ಎಂದು ಕೇಳಬೇಡಿ. ಕೊನೆಯಿಂದ ಎಣಿಸಿದರೆ ನನ್ನ ಹೆಸರು ಬೇಗ ಸಿಗುತ್ತಿತ್ತು. ಆದರೂ ಸೋದರಿಯರೇ, ನಿಮಗೆ ಇದನ್ನು ಹೇಳಲೇಬೇಕು ಅನ್ನಿಸಿತು.

ಅಮ್ಮನ ಕಾಲು

ಹೈಸ್ಕೂಲಿನಲ್ಲಿ ನಾನು ಚೆನ್ನಾಗಿ ಓಡುತ್ತಿದ್ದೆ. ಆಗೆಲ್ಲ ಜೋರಾಗಿ ಓಡುವ ಹುಡುಗಿ ಯಾವ ಶಾಲೆಯಲ್ಲಿದ್ದರೂ ಮೇಷ್ಟರ ಬಾಯಲ್ಲಿ ಅವಳು 'ನಮ್ಮೂರ ಪಿ.ಟಿ. ಉಷಾ'. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ 400 ಮೀಟರ್ ಓಟದಲ್ಲಿ ಮೊದಲು ಬಂದೆ. ತಾಲ್ಲೂಕಿಗೆ ಹೋಗಬೇಕಿತ್ತು. ಅಷ್ಟರಲ್ಲಿ ನಾನು ದೊಡ್ಡವಳಾದೆ. "ಇನ್ನು ಚಡ್ಡಿ ಹಾಕ್ಕೊಂಡು ಹತ್ತು ಜನರ ಎದುರು ಓಡೋದು ಬೇಡ" ಎಂದರು ಅಪ್ಪಯ್ಯ. ಅಮ್ಮ ಬಾಗಿಲ ಸಂದಿಯಲ್ಲಿ ನಿಂತು ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಅಲ್ಲಿಗೆ ಓಟ ಮುಗಿಯಿತು. ಎಸ್ಸೆಸ್ಸೆಲ್ಸಿ ಆಯಿತು, ಮದುವೆ ಆಯಿತು, ಮಕ್ಕಳಾದವು.

ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ತೋಟದಲ್ಲಿ ಹೆಜ್ಜೆ ಇಡುವಾಗ ಚುಚ್ಚಿದ ಒಂದು ಸಣ್ಣ ಮುಳ್ಳು ಗಾಯವಾಗಿ, ಗಾಯ ಹುಣ್ಣಾಗಿ, ಕೊನೆಗೆ ಎರಡು ಬೆರಳು ತೆಗೆಸಬೇಕಾಯಿತು. ಕೊನೆಯ ನಾಲ್ಕು ವರ್ಷ ಅವಳು ಜಗಲಿಯಿಂದ ಅಂಗಳಕ್ಕೆ ಇಳಿದದ್ದೇ ಕಡಿಮೆ.

ಅದಾಗಿ ಎರಡು ವರ್ಷಕ್ಕೆ ನನಗೂ ಸುಸ್ತು ಶುರುವಾಯಿತು. ಸಾಗರದಲ್ಲಿ ರಕ್ತ ಕೊಟ್ಟು ಬಂದೆವು. ಖಾಲಿ ಹೊಟ್ಟೆಯ ಸಕ್ಕರೆ 118. ನೂರರ ಒಳಗಿದ್ದರೆ ಸರಿ, 126 ಮುಟ್ಟಿದರೆ ಕಾಯಿಲೆ. ನಾನು ನಡುವಿನ ಗಡಿಯಲ್ಲಿದ್ದೆ. "ಈಗ ಮಾತ್ರೆ ಬೇಡ, ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೀರಿ" ಎಂದರು ಡಾಕ್ಟರು. "ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಓಡಾಡ್ತಾನೇ ಇರ್ತೀನಲ್ಲ ಡಾಕ್ಟ್ರೇ" ಎಂದೆ. ಅವರು ನಕ್ಕರು. "ಓಡಾಡ್ತೀರಿ, ಆದರೆ ಉಸಿರು ಏರಬೇಕು, ಬೆವರು ಬರಬೇಕು. ಒಲೆಯ ಬಿಸಿಗೆ ಬರೋ ಬೆವರಲ್ಲ!" ಎಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಅಮ್ಮನ ಕಾಲು.

ಒಂದು ಗಂಟೆಯ ಜಗಳ

ಓಡುವುದು ಕಷ್ಟವಲ್ಲ ಕಣ್ರೀ, ಓಡಲು ಒಂದು ಗಂಟೆ ಕೇಳುವುದು ಕಷ್ಟ. ಬೆಳಗ್ಗೆ ಐದೂವರೆಯಿಂದ ಆರೂವರೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಅತ್ತೆಯವರಿಗೆ ಕಾಫಿ, ಹಂಡೆಗೆ ಬೆಂಕಿ, ಕೊಟ್ಟಿಗೆ ಕೆಲಸ, ತಿಂಡಿಗೆ ತೆಳ್ಳೇವಿನ ಹಿಟ್ಟು... ಎಲ್ಲಾ ಒಟ್ಟಿಗೇ ಕೂಗುತ್ತಿರುತ್ತವೆ. "ನಿಂಗೆಂತಾ ತಲೆ ಕೆಟ್ಟಿದ್ಯಾ?" ಎಂದರು ನಮ್ಮನೆಯವರು. "ಈ ವಯಸ್ಸಲ್ಲಿ ರಸ್ತೆ ಮೇಲೆ ಓಡಿದ್ರೆ ಊರವ್ರು ಎಂತಾ ಅಂತಾರೆ ಮಾರಾಯ್ತಿ?" ಎಂದರು ಅತ್ತೆಯವರು.

ನಮ್ಮ ಹೆಗ್ಗೋಡು ನಾಟಕದ ಊರು. 1949ರಿಂದ ಇಲ್ಲಿ ನೀನಾಸಂ ಇದೆ. ರಂಗದ ಮೇಲೆ ಹೆಣ್ಣುಮಕ್ಕಳು ಕುಣಿದದ್ದು, ಕಿರುಚಿದ್ದು, ಕತ್ತಿ ಹಿಡಿದದ್ದು ಎಲ್ಲವನ್ನೂ ನಮ್ಮ ಅತ್ತೆಯವರು ಮುಂದಿನ ಸಾಲಿನಲ್ಲಿ ಕೂತು ನೋಡಿದವರೇ! ಆದರೆ ಸೊಸೆ ರಸ್ತೆಯಲ್ಲಿ ಓಡುವುದು ಮಾತ್ರ ಬೇರೆ ಸಂಗತಿ.

ನಾನು ಜಗಳ ಆಡಲಿಲ್ಲ. ಒಂದು ವಾರ ಮಾತೂ ಆಡಲಿಲ್ಲ. ಎಂಟನೇ ದಿನ ನಮ್ಮನೆಯವರಿಗೆ ಹೇಳಿದೆ, "ನಂಗೆ ನಮ್ಮಮ್ಮನ ಹಾಗೆ ಕೂರೋದು ಬೇಡ. ನಾಳೆ ನನ್ನ ಕಾಲು ತೊಳೆದು ಕಟ್ಟು ಕಟ್ಟೋ ಕೆಲಸ ನಿಮ್ಮದೇ ಆಗತ್ತೆ. ಅದಕ್ಕಿಂತ ಈಗ ಕಾಫಿ ಮಾಡೋದು ಸುಲಭ ಅಲ್ವಾ?" ಅವರು ಏನೂ ಅನ್ನಲಿಲ್ಲ. ಮರುದಿನ ಬೆಳಗ್ಗೆ ಅಡುಗೆಮನೆಯಲ್ಲಿ ಲೋಟದ ಸದ್ದು ಕೇಳಿತು. ಮೊದಲ ದಿನದ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತಿದ್ದರು. ನನಗೆ ಅದೇ ಒಳ್ಳೆಯದಾಯಿತು ಎನ್ನಿ!

ಮೊದಲ ವಾರ ಒಂದು ಕರೆಂಟು ಕಂಬದಿಂದ ಇನ್ನೊಂದು ಕಂಬಕ್ಕೆ ಓಟ, ಮುಂದಿನ ಎರಡು ಕಂಬ ನಡಿಗೆ. ಅಷ್ಟಕ್ಕೇ ಎದೆ ಡಬಡಬ. ಸೀರೆಯ ನೆರಿಗೆ ಕಾಲಿಗೆ ತೊಡರಿ ಒಮ್ಮೆ ಬಿದ್ದೆ. ಆಮೇಲೆ ಮಗಳ ಚೂಡಿದಾರ, ಮಗನ ಹಳೇ ಶೂಸು. ಅವೂ ಕಚ್ಚಿದವು, ಕೊನೆಗೆ ನನ್ನ ಅಳತೆಯದೇ ಒಂದು ಜೊತೆ ಕೊಂಡೆ. ಮೂರು ತಿಂಗಳಲ್ಲಿ ನಿಲ್ಲದೆ ಐದು ಕಿಲೋಮೀಟರ್ ಓಡುವಷ್ಟಾದೆ. ಮಳೆಗಾಲದಲ್ಲಿ ಮಲೆನಾಡಿನ ಕಥೆ ನಿಮಗೆ ಗೊತ್ತೇ ಇದೆ. ಮೇಲೆ ಜಡಿಮಳೆ, ಕೆಳಗೆ ಉಂಬಳ. ಆಗ ಜಗಲಿಯ ಉದ್ದಕ್ಕೆ ಅತ್ತಿಂದಿತ್ತ ನಡೆದೆ, ಉಪ್ಪರಿಗೆ ಮೆಟ್ಟಿಲು ಹತ್ತಿ ಇಳಿದೆ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಗ್ಗೆ ಏಳಲಾಗದೆ ಎಷ್ಟೋ ದಿನ ತಪ್ಪಿಸಿದ್ದೂ ಉಂಟು.

ಓಡಬಾರದು ಎಂದವರು

ನಮ್ಮ ಊರಲ್ಲಿ ಮಾತ್ರ ಹೀಗೆ ಅಂತ ನಾನು ತಿಳಿದಿದ್ದೆ. ಮೈಸೂರಿನಲ್ಲಿ ಓದುತ್ತಿದ್ದ ತಂಗಿಯ ಮಗಳು ರಜಕ್ಕೆ ಬಂದಾಗ ಹೇಳಿದ ಕಥೆ ಕೇಳಿ ಮೂಗಿನ ಮೇಲೆ ಬೆರಳಿಟ್ಟೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿ ದಣಿದರು ಎಂಬ ನೆವ ಹೇಳಿ, 1960ರವರೆಗೆ ಅವರಿಗೆ 200 ಮೀಟರಿಗಿಂತ ಉದ್ದದ ಓಟವನ್ನೇ ಇಡಲಿಲ್ಲವಂತೆ. ದಣಿಯದೆ ಓಡುವ ಗಂಡಸು ಇದ್ದಾನೆಯೇ, ಹೇಳಿ!

ಅಮೆರಿಕದ ಬಾಸ್ಟನ್‌ನಲ್ಲಿ 1966ರಲ್ಲಿ ಬಾಬಿ ಗಿಬ್ ಎಂಬಾಕೆ ಪೊದೆಯ ಮರೆಯಲ್ಲಿ ಅಡಗಿ ಕೂತಿದ್ದು, ಗಂಡಸರ ಗುಂಪಿನೊಳಗೆ ಸೇರಿಕೊಂಡು ಇಡೀ ಮ್ಯಾರಥಾನ್ ಓಡಿದಳು. ಮರುವರ್ಷ ಕ್ಯಾಥರೀನ್ ಸ್ವಿಟ್ಜರ್ ಹೆಸರಿನ ಮೊದಲಕ್ಷರ ಮಾತ್ರ ಬರೆದು 261ನೇ ನಂಬರು ಪಡೆದು ಓಡಿದಾಗ, ಓಟದ ಅಧಿಕಾರಿಯೊಬ್ಬ ಹಿಂದಿನಿಂದ ಓಡಿಬಂದು ಆ ನಂಬರನ್ನೇ ಕಿತ್ತುಹಾಕಲು ನೋಡಿದ. ಆಕೆ ನಿಲ್ಲಲಿಲ್ಲ. ಬಾಸ್ಟನ್‌ನಲ್ಲಿ ಹೆಂಗಸರಿಗೆ ಅಧಿಕೃತವಾಗಿ ಅವಕಾಶ ಸಿಕ್ಕಿದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಮೊದಲು ನಡೆದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಮೆರಿಕದ ಜೋನ್ ಬೆನೊಯ್ಟ್ ಗೆದ್ದರು. ನಮ್ಮ ಉಷಾ ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಕಂಚಿನ ಪದಕ ಕಳೆದುಕೊಂಡದ್ದೂ ಅದೇ ಒಲಿಂಪಿಕ್ಸ್‌ನಲ್ಲಿ.

ಅಷ್ಟು ದೂರ ಏಕೆ? ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ 2014ರಲ್ಲಿ ಅರವತ್ತು ದಾಟಿದ ಲತಾ ಭಗವಾನ್ ಕರೆ ಎಂಬ ಬಡ ಹೆಂಗಸು ಗಂಡನ ಚಿಕಿತ್ಸೆಗೆ ದುಡ್ಡು ಬೇಕೆಂದು, ಕಚ್ಚೆ ಸೀರೆಯಲ್ಲಿ ಬರಿಗಾಲಲ್ಲಿ ಓಡಿ ಹಿರಿಯರ ಓಟ ಗೆದ್ದರು. ಇದನ್ನು ಕೇಳಿದ ನಮ್ಮ ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದು, "ಪಾಪ, ಚಪ್ಪಲಿಯಾದ್ರೂ ಯಾರಾದ್ರೂ ಕೊಡಬಾರದಿತ್ತಾ" ಎಂದರು.

"ದೊಡ್ಡಮ್ಮಾ, ನೀನೂ ಒಂದು ಓಟಕ್ಕೆ ಬಾ" ಎಂದು ಹೆಸರು ಕೊಟ್ಟವಳೂ ಅದೇ ಹುಡುಗಿ. ಕಾವೇರಿ ಟ್ರೇಲ್ ಮ್ಯಾರಥಾನ್ ಅಂತ ಅದರ ಹೆಸರು. 2007ರಲ್ಲಿ ಶುರುವಾದದ್ದು. ಬೆಂಗಳೂರಿನ ದೊಡ್ಡ ಓಟಗಳ ಹಾಗೆ ಡಾಂಬರು ರಸ್ತೆಯಲ್ಲ, ಜನಜಾತ್ರೆಯಲ್ಲ. ರಂಗನತಿಟ್ಟು ಪಕ್ಷಿಧಾಮದ ಹತ್ತಿರ ಕಾವೇರಿ ನೀರಿನ ಕಾಲುವೆಯ ಪಕ್ಕದ ಮಣ್ಣುಹಾದಿ. ಪೂರ್ತಿ ಮ್ಯಾರಥಾನ್ ಅಂದರೆ 42 ಕಿಲೋಮೀಟರ್ 195 ಮೀಟರ್. ನಾನು ಹೆಸರು ಕೊಟ್ಟದ್ದು ಅದರ ಅರ್ಧಕ್ಕೆ. ಅದಕ್ಕೂ ಮೊದಲು ಸಾಗರದ ದಿಕ್ಕಿಗೆ ಎಂಟು ಕಿಲೋಮೀಟರ್ ಹೋಗಿ, ಎಂಟು ಬಂದು ಧೈರ್ಯ ತಂದುಕೊಂಡಿದ್ದೆ.

ಕಾಲುವೆ ದಂಡೆಯ ಮೇಲೆ

ಸಾಗರದಿಂದ ರಾತ್ರಿ ರೈಲು ಹತ್ತಿದೆ. ಮದುವೆಯಾದ ಮೇಲೆ ಮದುವೆ, ಮುಂಜಿ, ಆಸ್ಪತ್ರೆ ಇಲ್ಲದೆ ಒಬ್ಬಳೇ ಪ್ರಯಾಣ ಮಾಡಿದ್ದು ಅದೇ ಮೊದಲು. ತಂಗಿ ಮಗಳ ರೂಮಿನಲ್ಲಿ ಒಂದು ದಿನ ಉಳಿದು, ಮರುದಿನ ಇನ್ನೂ ಕತ್ತಲಿರುವಾಗಲೇ ಹೊರಟೆವು.

ಅಲ್ಲಿ ನೋಡಿದರೆ ಎಲ್ಲಾ ತೆಳ್ಳಗಿನ ಹುಡುಗ ಹುಡುಗಿಯರು. ಕೈಯಲ್ಲಿ ಏನೇನೋ ಗಡಿಯಾರ. ವಾಪಸು ಹೋಗೋಣವೇ ಅನ್ನಿಸಿತು. ಅಷ್ಟರಲ್ಲಿ ಬೆಳ್ಳಿಕೂದಲಿನ ಹೆಂಗಸೊಬ್ಬರು ಪಕ್ಕಕ್ಕೆ ಬಂದು, "ಮೊದಲ ಸಲವಾ? ಶುರುವಿನಲ್ಲಿ ಎಲ್ಲರೂ ನಿಮ್ಮನ್ನ ದಾಟಿ ಹೋಗ್ಲಿ, ಹೋಗೋಕೆ ಬಿಡಿ" ಎಂದರು. ಅಂದು ನನ್ನನ್ನು ಕಾಪಾಡಿದ್ದು ಆ ಒಂದು ಮಾತು.

ಬೆಳಕು ಹರಿಯಿತು. ಒಂದು ಕಡೆ ಕಾಲುವೆ ನೀರು, ಇನ್ನೊಂದು ಕಡೆ ಬತ್ತದ ಗದ್ದೆ. ತಲೆಯ ಮೇಲೆ ಬೆಳ್ಳಕ್ಕಿ ಸಾಲು. ಹತ್ತು ಕಿಲೋಮೀಟರ್ ಹೋದದ್ದೇ ಗೊತ್ತಾಗಲಿಲ್ಲ. ಕಾಲುವೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕು ಕೂಗಿದರು, "ಯಾಕಕ್ಕಾ ಹಂಗ್ ಓಡ್ತೀಯ? ಬಸ್ಸು ತಪ್ಪೋಯ್ತಾ?"

ಈ ಸಲ ನಾನು ದನದ ಕಥೆ ಹೇಳಲಿಲ್ಲ. "ಬಸ್ಸು ತಪ್ಪಿಲ್ಲ, ಸುಮ್ನೆ ಓಡ್ತಿದ್ದೀನಿ" ಎಂದೆ. "ಓಡು, ಓಡು, ನಮ್ ಲೆಕ್ಕದಲ್ಲೂ ಒಸಿ ಓಡು" ಎಂದಳು ಒಬ್ಬಳು, ಕೈಯಲ್ಲಿದ್ದ ಸೀರೆಯನ್ನು ಕಲ್ಲಿಗೆ ಬಡಿಯುತ್ತಾ.

ಹಿಂತಿರುಗುವಾಗ ಬಿಸಿಲೇರಿತು. ನಮ್ಮ ಕಡೆಯ ಹಾಗೆ ಮರದ ನೆರಳಿಲ್ಲ. ಹದಿನಾರನೇ ಕಿಲೋಮೀಟರ್ ದಾಟಿದ ಮೇಲೆ ತೊಡೆ ಕಲ್ಲಾಯಿತು, ಎಡಗಾಲ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತು. ಒಂದು ಕಲ್ಲಿನ ಮೇಲೆ ಕೂತು ಶೂಸು ಬಿಚ್ಚಿದೆ. ಕಾಲು ನೋಡಿಕೊಂಡಾಗ ಅಳು ಬಂತು. ನೋವಿಗಲ್ಲ. ನನ್ನ ಹತ್ತೂ ಬೆರಳು ಅಲ್ಲಿದ್ದವು. ಬೊಕ್ಕೆಯಾಗಿದ್ದ ಜಾಗ ಉರಿಯುತ್ತಿತ್ತು. ಅಮ್ಮನಿಗೆ ಕೊನೆಗೆ ಆ ಉರಿಯೂ ಗೊತ್ತಾಗುತ್ತಿರಲಿಲ್ಲ. ಕರವಸ್ತ್ರ ಮಡಿಸಿ ಹಿಮ್ಮಡಿಗಿಟ್ಟು ಮತ್ತೆ ಶೂಸು ಕಟ್ಟಿಕೊಂಡೆ. ಉಳಿದದ್ದನ್ನು ಅರ್ಧ ಓಡಿ, ಅರ್ಧ ನಡೆದು ಮುಗಿಸಿದೆ. 3 ಗಂಟೆ 12 ನಿಮಿಷ.

ಮನೆಗೆ ಬಂದಾಗ ಅತ್ತೆಯವರು ಹಂಡೆಯ ತುಂಬ ನೀರು ಕಾಯಿಸಿಟ್ಟಿದ್ದರು. "ಕಾಲು ಬಿಸಿನೀರಲ್ಲಿ ಇಡು, ಉಪ್ಪು ಹಾಕಿದೀನಿ" ಎಂದರು. ಪದಕವನ್ನು ಕೈಯಲ್ಲಿ ತೂಗಿ ನೋಡಿ, "ಇದು ಬೆಳ್ಳೀದಲ್ಲ ಅಲ್ದಾ?" ಎಂದರು. ಆದರೂ ದೇವರ ಮನೆಯ ಗೂಡಿನಲ್ಲಿ ಅದನ್ನು ಇಟ್ಟವರು ಅವರೇ.

ನಿಮಗೂ ಓಡಬೇಕೆನಿಸಿದರೆ

ಮೊದಲು ಡಾಕ್ಟರನ್ನು ಕೇಳಿ. ಬಿ.ಪಿ., ಸಕ್ಕರೆ, ಎದೆನೋವು, ಮಂಡಿನೋವು ಇದ್ದವರಂತೂ ಕೇಳಲೇಬೇಕು. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಎಲ್ಲರೂ ಓಡಲೇಬೇಕೆಂದೇನಿಲ್ಲ.

ಓಡುತ್ತಾ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ ಎಂದರ್ಥ. ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿ. ನಾಚಿಕೆ ಬೇಡ.

ಓಡುವುದಕ್ಕೆ ಎರಡು ಗಂಟೆ ಮುಂಚೆ ಒಂದು ಬಟ್ಟಲು ಮೊಸರವಲಕ್ಕಿ, ಒಂದು ಬಾಳೆಹಣ್ಣು ನನಗೆ ಒಗ್ಗುತ್ತದೆ. ದೂರದ ಓಟಕ್ಕೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡನ್ನೂ ಚಮಚದ ಮಟ್ಟಕ್ಕೆ ಅಳೆದು ಹಾಕಿ, ನಿಂಬೆರಸ ಹಿಂಡಿ ಒಯ್ಯಿರಿ. ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯಿರಿ. ಹೊಟ್ಟೆ ತುಂಬ ಬರೀ ನೀರು ಕುಡಿಯುವುದೂ ಅಪಾಯ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಏನು ತಿನ್ನಬೇಕು, ಏನು ಕುಡಿಯಬೇಕು ಎಂದು ಡಾಕ್ಟರನ್ನೇ ಕೇಳಿ. ಸಕ್ಕರೆ ಇಳಿದರೆ ಬೇಕಾದೀತೆಂದು ಬೆಲ್ಲದ ಚೂರೊಂದು ಹತ್ತಿರ ಇಟ್ಟುಕೊಳ್ಳಿ. ಅಂಥವರು ಪ್ರತಿದಿನ ಪಾದ ನೋಡಿಕೊಳ್ಳುವುದನ್ನು ಮರೆಯಬೇಡಿ.

ನನ್ನ ಸಕ್ಕರೆ ಈಗ 102ಕ್ಕೆ ಇಳಿದಿದೆ. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಊಟದಲ್ಲಿ ಅನ್ನ ಕಡಿಮೆ ಮಾಡಿದ್ದೂ ಸೇರಿದೆ.

ಈಗ ನಾವು ನಾಲ್ವರಾಗಿದ್ದೇವೆ. ಆಚೆಮನೆಯ ಅಕ್ಕ ಸೀರೆಯಲ್ಲೇ ಬಿರಬಿರನೆ ನಡೆಯುತ್ತಾರೆ, ಇಬ್ಬರು ಓಡುತ್ತಾರೆ. ಮೊನ್ನೆ ಅದೇ ಸ್ಕೂಟರಿನವರು ಎದುರಾದರು. ನಿಲ್ಲಿಸಲಿಲ್ಲ, ನಿಧಾನ ಮಾಡಿ, "ದನ ಸಿಕ್ತಾ ಅಕ್ಕಾ?" ಎಂದು ನಗುತ್ತಾ ಹೋದರು.