ಕ್ಲೋಸಿಂಗ್ ಬೆಲೆ ಮಾತ್ರ ನೋಡಿದ್ರೆ ಸಾಕಾ?

ಜೆಪಿ ನಗರ, ಬಿಟಿಎಂ ಕಡೆ ಪಿಜಿಯಲ್ಲಿ ಕೂತು ಫೋನ್‌ನಲ್ಲೇ ಆಪ್ಷನ್ಸ್ ಟ್ರೇಡ್ ಮಾಡೋರು ನಮ್ಮ ಕೇಳುಗರಲ್ಲೂ ಇದ್ದೀರ. ಅದಕ್ಕೇ ಇವತ್ತಿನ ವಿಷಯ ವೊಲಾಟಿಲಿಟಿ, ಅಂದ್ರೆ ಬೆಲೆಯ ಏರಿಳಿತ. ಆಪ್ಷನ್ ಪ್ರೀಮಿಯಂ ಬಹುಪಾಲು ನಿಂತಿರೋದು ಇದರ ಮೇಲೆ. ಆದರೆ ಇದು ಕಣ್ಣಿಗೆ ಕಾಣಲ್ಲ, ಬೆಲೆಗಳನ್ನ ನೋಡಿ ಅಂದಾಜು ಮಾಡಬೇಕು.

ಸಾಮಾನ್ಯವಾಗಿ ಕ್ಲೋಸಿಂಗ್ ಬೆಲೆ ತಗೊಂಡು ಲೆಕ್ಕ ಹಾಕ್ತಾರೆ. ಒಂದು ಷೇರು ನಿನ್ನೆ 1,500 ರೂಪಾಯಿಗೆ ಮುಗೀತು. ಇವತ್ತು 1,540ಕ್ಕೆ ಏರಿ, 1,470ಕ್ಕೆ ಬಿದ್ದು, ಮತ್ತೆ 1,500ಕ್ಕೇ ಮುಗೀತು ಅಂದ್ಕೊಳ್ಳಿ. ಕ್ಲೋಸಿಂಗ್ ಲೆಕ್ಕದಲ್ಲಿ ಏರಿಳಿತ ಸೊನ್ನೆ! ಜಯನಗರದಿಂದ ಹೊರಟು ಬನಶಂಕರಿಯೆಲ್ಲಾ ಸುತ್ತಿ ಮನೆಗೆ ಬಂದವರಿಗೆ ‘ನೀವು ಎಲ್ಲೂ ಹೋಗೇ ಇಲ್ಲ’ ಅಂದ ಹಾಗೆ.

1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್, 1945ರಲ್ಲಿ ಅಂದಾಜುಗಳಿಗೆ ಒಂದು ಮಿತಿ ತೋರಿಸಿಕೊಟ್ಟರು. ಇವತ್ತು ಅದಕ್ಕೆ ಕ್ರಾಮೇರ್-ರಾವ್ ಮಿತಿ ಅಂತಾರೆ. ಕೈಯಲ್ಲಿರೋ ಮಾಹಿತಿ ಇಷ್ಟೇ ಅಂದ್ರೆ, ಒಂದು ಕಡೆಗೆ ವಾಲದ ಯಾವ ಅಂದಾಜೂ ಒಂದು ಮಟ್ಟಕ್ಕಿಂತ ಹೆಚ್ಚು ನಿಖರ ಆಗಲ್ಲ. 20 ದಿನದ ಕ್ಲೋಸಿಂಗ್ ಬೆಲೆ ಮಾತ್ರ ಇದ್ರೆ, ಎಷ್ಟೇ ಜಾಣ ಸೂತ್ರ ಹಾಕಿದ್ರೂ ಉತ್ತರ ಸುಮಾರು ಶೇ 16ರಷ್ಟು ಆಚೀಚೆ ಆಗುತ್ತೆ.

ಹಾಗಾದ್ರೆ ದಾರಿ? ಮಾಹಿತಿ ಹೆಚ್ಚಿಸಬೇಕು. 1980ರಲ್ಲಿ ಮೈಕೆಲ್ ಪಾರ್ಕಿನ್ಸನ್ ದಿನದ ಹೈ ಮತ್ತು ಲೋ ಬಳಸಿದ್ರು. ಬೆಲೆ ಎಲ್ಲೂ ಜಿಗಿಯದೆ, ಗೊತ್ತುಗುರಿಯಿಲ್ಲದೆ ಅಲೆದಾಡುತ್ತೆ ಅಂತ ಇಟ್ಕೊಂಡ್ರೆ, ಈ ವಿಧಾನ ಸುಮಾರು ಐದು ಪಟ್ಟು ದಕ್ಷ. 20 ದಿನದ ಹೈ-ಲೋ, 100 ದಿನದ ಕ್ಲೋಸಿಂಗ್‌ಗೆ ಸಮ! ತಪ್ಪು ಶೇ 7ರ ಆಸುಪಾಸಿಗೆ ಇಳಿಯುತ್ತೆ.

ಆದರೆ ರಾತ್ರಿ ಸುದ್ದಿ ಬಂದು ಬೆಳಿಗ್ಗೆ ಬೆಲೆ ಜಿಗಿದ್ರೆ, ಆ ಗ್ಯಾಪ್ ಹೈ-ಲೋನಲ್ಲಿ ಸಿಗಲ್ಲ. ವಹಿವಾಟು ಕಮ್ಮಿ ಇರೋ ಷೇರಿನಲ್ಲಿ ಅಂದಾಜೂ ಕಮ್ಮಿ ಬರುತ್ತೆ.

ಇನ್ನೊಂದು ಮಾತು. ಏರಿಳಿತವನ್ನ ಒಂದು ತಿಂಗಳ ಡೇಟಾದಲ್ಲಿ ಚೆನ್ನಾಗೇ ಅಳೀಬಹುದು, ದಿಕ್ಕನ್ನ ಅಳಿಯೋಕಾಗಲ್ಲ. ವರ್ಷಕ್ಕೆ ಶೇ 24 ಏರಿಳಿತ ಇರೋ ಷೇರಿನ ಸರಾಸರಿ ಲಾಭವನ್ನ ಒಂದು ವರ್ಷದ ಬೆಲೆಯಿಂದ ಅಂದಾಜಿಸಿದ್ರೆ, ಆಚೀಚೆ ಆಗೋದೂ ಅದೇ 24 ಅಂಶ. ನಿಮಿಷಕ್ಕೊಮ್ಮೆ ಬೆಲೆ ನೋಡಿದ್ರೂ ಇದು ತಗ್ಗಲ್ಲ. ಅರ್ಧಕ್ಕೆ ಇಳಿಸೋಕೆ ನಾಲ್ಕು ವರ್ಷದ ಡೇಟಾ ಬೇಕು.

ಸೆಬಿ 2024ರಲ್ಲಿ ಹೇಳಿದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ ಮಾಡಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ದುಡ್ಡು ಕಳ್ಕೊಂಡಿದ್ದಾರೆ. ಒಂದು ವಾರದ ಚಾರ್ಟ್ ತೋರಿಸಿ ‘ನಾಳೆ ಮೇಲೆ ಹೋಗುತ್ತೆ’ ಅನ್ನೋರು ಸಿಕ್ಕಿದ್ರೆ, ಎಷ್ಟು ವರ್ಷದ ಡೇಟಾ ನೋಡಿದ್ದೀರಿ ಅಂತ ಮೊದಲು ಕೇಳಿ.